ಎರಡು ಲೈಬ್ರರಿಗೆ ಒಂದೇ ಕುರ್ಚಿ

ಬೆಳಿಗ್ಗೆ ಲಾಗಿನ್ ಆದಾಗ 'ತಿದ್ದು' ಎಂಬ ಬಟನ್ ಕಾಣಲಿಲ್ಲ.

ಅವಳು ಪುಟವನ್ನು ಮತ್ತೆ ತೆರೆದಳು. ಕನ್ನಡಕ ಒರೆಸಿಕೊಂಡು ನೋಡಿದಳು. ಪುಸ್ತಕದ ಹೆಸರಿತ್ತು, ಬರೆದವರ ಹೆಸರಿತ್ತು, ಯಾವ ಕಪಾಟಿನಲ್ಲಿದೆ ಎಂಬುದೂ ಇತ್ತು. ಅದರಲ್ಲಿ ಒಂದಕ್ಷರ ಬದಲಿಸುವ ಹಕ್ಕು ಮಾತ್ರ ಅವಳಿಗಿರಲಿಲ್ಲ. ಪರದೆಯ ಮೂಲೆಯಲ್ಲಿ ಸಣ್ಣಗೆ 'ಓದಲು ಮಾತ್ರ' ಎಂದು ಬರೆದಿತ್ತು.

ಅದೂ ಇಂಥ ದಿನ.

ವಿಷಯ ಇಷ್ಟೇ. ಎರಡು ವಿಶ್ವವಿದ್ಯಾಲಯಗಳು ತಮ್ಮ ಲೈಬ್ರರಿ ಮತ್ತು ಕಂಪ್ಯೂಟರ್ ಸೇವೆಗಳನ್ನು ಒಟ್ಟು ಮಾಡಿಕೊಳ್ಳುತ್ತಿದ್ದವು. ಎರಡೂ ಕಡೆಯ ಪುಸ್ತಕಗಳಿಗೆ ಒಂದೇ ಕ್ಯಾಟಲಾಗ್, ಅದನ್ನು ನೋಡಿಕೊಳ್ಳಲು ಒಬ್ಬರೇ ಕ್ಯಾಟಲಾಗರ್. ಆ ಒಂದು ಕೆಲಸಕ್ಕೆ ಚಿಕ್ಕ ವಿಶ್ವವಿದ್ಯಾಲಯದಿಂದ ಇವಳು, ದೊಡ್ಡದರಿಂದ ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯ ಹೆಂಗಸು. ಮಧ್ಯಾಹ್ನ ಸಂದರ್ಶನ. ಸೋತವರು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರಿಗೆ ಹೋಗಬೇಕು. ಒಂದೊಂದು ಪುಸ್ತಕವನ್ನೂ ಬಿಚ್ಚಿ ನೋಡಿ, ಇದು ಯಾರ ಕೈಗೆ ಸೇರಬೇಕಾದದ್ದು ಎಂದು ಯೋಚಿಸಿ ಪಟ್ಟಿಗೆ ಸೇರಿಸುವುದರಲ್ಲೇ ಪ್ರಾಣ ಇಟ್ಟುಕೊಂಡವಳಿಗೆ ಅದು ಮೀನನ್ನು ನೀರಿನಿಂದ ಎತ್ತಿ ದಡಕ್ಕೆ ಹಾಕಿದ ಹಾಗೆ.

ಅವಳು ಮೆಟ್ಟಿಲಿಳಿದು ನೇರವಾಗಿ ಸರ್ವರ್ ಕೋಣೆಗೆ ಹೋದಳು.

ದೊಡ್ಡ ವಿಶ್ವವಿದ್ಯಾಲಯ ಕಳಿಸಿದ ಸಿಸ್ಟಮ್ಸ್ ಎಂಜಿನಿಯರ್ ಅಲ್ಲಿ ಕೇಬಲ್ಲುಗಳ ನಡುವೆ ನೆಲದ ಮೇಲೆ ಕೂತಿದ್ದ. ಲೈಬ್ರರಿಯವರು ಅವನಿಗೆ ಸರ್ವರ್ ಸಾಹೇಬ್ರು ಎಂದು ಹೆಸರಿಟ್ಟಿದ್ದರು. ಅವನು ಇವಳಿಗೆ ಚುಕ್ಕಿ ಮೇಡಂ ಎಂದಿಟ್ಟಿದ್ದ, ಸಾವಿರಾರು ನಮೂದುಗಳಲ್ಲಿ ಎಲ್ಲಿ ಒಂದು ಚುಕ್ಕಿ ಬಿಟ್ಟುಹೋಗಿದ್ದರೂ ಇವಳು ಹಿಡಿದು ತರುತ್ತಿದ್ದಳೆಂದು. ಎರಡು ಕಡೆಯೂ ಇರುವ ಪುಸ್ತಕಕ್ಕೆ ಎರಡು ನಮೂದು ಸಿಕ್ಕಾಗಲೆಲ್ಲ ಒಂದನ್ನು ಅಳಿಸಬೇಕಿತ್ತು. "ಯಾವುದು ಉಳೀಬೇಕು?" ಎಂದು ಇವಳು ಕೇಳಿದರೆ, ಅವನು ಪರದೆಯನ್ನು ನೋಡದೆ ಇವಳ ಮುಡಿಗೆ ಸಿಕ್ಕಿಸಿದ ಪೆನ್ಸಿಲನ್ನು ನೋಡುತ್ತಾ "ನಿಮ್ಮದೇ ಇರ್ಲಿ" ಎನ್ನುತ್ತಿದ್ದ. ಇವಳು ತಿರುಗಿ ದಿಟ್ಟಿಸಿದರೆ ಮಿಣುಕುವ ಹಸಿರು ದೀಪಗಳನ್ನು ಎಣಿಸುವವನಂತೆ ನಟಿಸುತ್ತಿದ್ದ. ನಟನೆ ಬರುತ್ತಿರಲಿಲ್ಲ. ಕಿವಿ ಕೆಂಪಗಾಗುತ್ತಿತ್ತು. ಇವಳಿಗೆ ಆ ಕಿವಿಗಳೆಂದರೆ ಇಷ್ಟ.

ಇವತ್ತು ಕಿವಿ ನೋಡುವ ಮನಸ್ಸಿರಲಿಲ್ಲ.

"ನನ್ನ ಬಟನ್ ಎಲ್ಲಿ?"

ಅವನು ನಗುತ್ತಲೇ ತಲೆಯೆತ್ತಿದ. "ಯಾವ ಬಟನ್ ಮೇಡಂ?"

"ತಿದ್ದೋ ಬಟನ್. ನನಗೆ 'ಓದಲು ಮಾತ್ರ' ಅಂತ ತೋರಿಸ್ತಿದೆ. ಅಕ್ಕನ ಖಾತೆ ತೆಗೀರಿ, ನೋಡೋಣ."

ಅವನು ಲ್ಯಾಪ್‌ಟಾಪ್ ತೆರೆದ. ಅಕ್ಕನ ಖಾತೆಯಲ್ಲಿ ಬಟನ್ ನಿಗಿನಿಗಿ ಹೊಳೆಯುತ್ತಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಅಂದ್ರೆ ಎಲ್ಲಾ ಮುಗಿದಿದೆ. ಮಧ್ಯಾಹ್ನದ ಸಂದರ್ಶನ ಬರೀ ನಾಟಕ," ಎಂದಳು.

"ಅಯ್ಯೋ, ಇಲ್ಲ. ಹೊಸ ಸಿಸ್ಟಮ್‌ನಲ್ಲಿ ತಿದ್ದೋಕೆ ಅಂತ ಕೊಂಡಿರೋದು ಒಂದೇ ಲೈಸೆನ್ಸ್, ಒಬ್ಬರಿಗೇ ಹಕ್ಕು. ಟೆಸ್ಟ್ ಮಾಡೋಣ ಅಂತ ನಮ್ಮ ಕಡೆ ಸಿಬ್ಬಂದಿ ಹೆಸರು ಮೊದಲು ಹಾಕಿದೆ. ಮೊದಲು ಸಿಕ್ಕ ಕ್ಯಾಟಲಾಗರ್‌ಗೆ ಸಿಸ್ಟಮ್ ಅದನ್ನ ಕೊಟ್ಟುಬಿಟ್ಟಿದೆ. ನಾನು ನೋಡ್ಕೋಬೇಕಿತ್ತು."

"ಸಿಸ್ಟಮ್ ಕೊಟ್ಟುಬಿಡ್ತು. ನಿಮಗೆ ಏನೂ ಗೊತ್ತಿಲ್ಲ, ಪಾಪ."

"ನಂಬಿ ನನ್ನ."

"ಮಧ್ಯಾಹ್ನ ಸಮಿತಿಯಲ್ಲಿ ನೀವೂ ಇರ್ತೀರಲ್ಲ. ಅಲ್ಲಿ ನನ್ನ ಕೆಲಸ ಹತ್ತಿರದಿಂದ ನೋಡಿರೋರು ಇಬ್ಬರೇ. ನಮ್ಮ ಗ್ರಂಥಪಾಲಕ ಸರ್, ನೀವು. ನೀವು ನನ್ನ ಪರ ಮಾತಾಡ್ತೀರಾ ಇಲ್ವಾ, ಅಷ್ಟು ಹೇಳಿ ಸಾಕು."

ಅವನು ಲ್ಯಾಪ್‌ಟಾಪ್ ಮುಚ್ಚಿದ. ಕೈಯಲ್ಲಿದ್ದ ಕೇಬಲನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಈಗ ನಾನು ಏನು ಹೇಳಿದ್ರೂ ತಪ್ಪಾಗತ್ತೆ," ಎಂದ.

ಇಷ್ಟು ದಿನ ಬಾಯ್ತುಂಬ ಮಾತಾಡಿದವನಿಗೆ ಬೇಕಾದಾಗ ನಾಲಿಗೆ ಬಿದ್ದುಹೋಯಿತಲ್ಲ ಎಂದು ಅವಳಿಗೆ ಮೈ ಉರಿಯಿತು. ಬಾಗಿಲು ದೂಡಿಕೊಂಡು ಹೊರಟಳು.

ಮಧ್ಯಾಹ್ನ ಸಂದರ್ಶನದ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಐದು ಕುರ್ಚಿಗಳಿದ್ದವು. ಕೊನೆಯದು ಖಾಲಿ.

"ಒಬ್ಬರು ಸದಸ್ಯರು ತಾವಾಗೇ ಸಮಿತಿ ಬಿಟ್ಟಿದ್ದಾರೆ. ಕಾರಣ ಅಭ್ಯರ್ಥಿಗಳಿಗೆ ಹೇಳೋ ಹಾಗಿಲ್ಲ," ಎಂದರು ಅಧ್ಯಕ್ಷರು. "ಕೂತ್ಕೊಳ್ಳಿ."

ಅವಳು ಕೂತಳು. ಕಾರಣ ಯಾರೂ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಜಗಳವಾಯಿತು, ಮಧ್ಯಾಹ್ನ ಕೈ ತೊಳೆದುಕೊಂಡ. ಅಷ್ಟೇ ಇವನ ಯೋಗ್ಯತೆ. ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಹಠ. ಕೇಳಿದ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರಿಸಿದಳು. ಎರಡು ಕಡೆಯ ಓದುಗರು ಒಂದೇ ಪುಸ್ತಕವನ್ನು ಬೇರೆ ಬೇರೆ ಪದಗಳಲ್ಲಿ ಹುಡುಕುತ್ತಾರೆ, ಆ ಪದಗಳೆಲ್ಲ ಪಟ್ಟಿಯಲ್ಲಿರಬೇಕು, ಇಲ್ಲದಿದ್ದರೆ ಒಟ್ಟಾಗಿ ಏನು ಬಂತು ಎಂದು ಕೇಳಿಯೇಬಿಟ್ಟಳು. ಅಧ್ಯಕ್ಷರು ತಲೆದೂಗಿದರು. ಖಾಲಿ ಕುರ್ಚಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಅಕ್ಕನ ಸರದಿಯೂ ಮುಗಿಯಿತು. ಅಕ್ಕ ಹೊರಗೆ ಬಂದು ಇವಳ ಕೈ ಅದುಮಿ, ನೀರು ಕುಡಿಯಲು ಹೋದಳು. ಆಮೇಲೆ ಬಾಗಿಲು ಬಹಳ ಹೊತ್ತು ಮುಚ್ಚಿಯೇ ಇತ್ತು.

ಕೊನೆಗೆ ಬಂದವರು ಇವಳ ಗ್ರಂಥಪಾಲಕರು. ಮುಖ ಗಂಟಿಕ್ಕಿತ್ತು.

"ಇಬ್ಬರು ನಿನ್ನ ಪರ, ಇಬ್ಬರು ಆಕೆ ಪರ. ಸಮ ಆದ್ರೆ ಸರ್ವಿಸ್ ಜಾಸ್ತಿ ಇರೋರಿಗೆ ಅಂತ ನಿಯಮ," ಎಂದರು. "ಅವನು ಒಳಗಿದ್ದಿದ್ರೆ ಕೆಲಸ ನಿಂದೇ ಆಗ್ತಿತ್ತಮ್ಮ."

"ಯಾಕೆ ಸರ್ ಎದ್ದು ಹೋದ್ರು ಅವರು?"

"ನನ್ನ ಬಾಯಿಂದ ಬೇಡ. ಹೋಗಿ ಅವನನ್ನೇ ಕೇಳು."

ಸರ್ವರ್ ಕೋಣೆಯಲ್ಲಿ ಅವನು ಏನೂ ಕೆಲಸ ಮಾಡದೆ ನಿಂತಿದ್ದ. ಇವಳ ಮುಖ ನೋಡಿಯೇ ಫಲಿತಾಂಶ ತಿಳಿದುಕೊಂಡ.

"ಹೋಯ್ತಾ?"

"ಒಂದು ವೋಟಲ್ಲಿ. ನಿಮ್ಮದು." ಅವಳು ಬಾಗಿಲಲ್ಲೇ ನಿಂತಳು. "ನನ್ನ ಮೇಲೆ ಸಿಟ್ಟಿದ್ರೆ ಬೈಬೇಕಿತ್ತು. ಹೊಟ್ಟೆ ಮೇಲೆ ಹೊಡೀಬಾರದಿತ್ತು."

"ಸಿಟ್ಟಾ?" ಅವನು ಗೋಡೆಗೆ ಒರಗಿದ. "ಶುರುವಿನಲ್ಲಿ ಅಧ್ಯಕ್ಷರು ಎಲ್ಲರನ್ನೂ ಒಂದು ಪ್ರಶ್ನೆ ಕೇಳ್ತಾರೆ. ಅಭ್ಯರ್ಥಿಗಳಲ್ಲಿ ನಿಮ್ಮ ಹತ್ತಿರದವರು, ಬೇಕಾದವರು ಯಾರಾದ್ರೂ ಇದ್ದಾರಾ ಅಂತ. ಎಲ್ಲರೂ ಇಲ್ಲ ಅಂದ್ರು. ನನ್ನ ಸರದಿ ಬಂತು. ಇದ್ದಾರೆ ಅಂದೆ."

ಅವಳು ಮುಡಿಯ ಪೆನ್ಸಿಲನ್ನು ಎಳೆದು ಕೈಯಲ್ಲಿ ಹಿಡಿದುಕೊಂಡಳು.

"ಆಕೆ ನಿಮಗೇನಾಗಬೇಕು ಅಂತ ಕೇಳಿದ್ರು. ಇನ್ನೂ ಏನೂ ಆಗಿಲ್ಲ, ನನಗೆ ಅವರಂದ್ರೆ ಪ್ರಾಣ, ಅವರಿಗಿನ್ನೂ ಹೇಳಿಲ್ಲ ಅಂದೆ. ಹಾಗಾದ್ರೆ ಹೊರಗೆ ಹೋಗಿ ಅಂದ್ರು."

"ನಾಲ್ಕು ಜನರ ಮುಂದೆ ಹೇಳಿದ್ರಿ," ಎಂದಳು ಅವಳು ನಿಧಾನವಾಗಿ. "ನನಗೊಬ್ಬಳಿಗೆ ಹೇಳೋಕೆ ಆಗಲಿಲ್ವಾ?"

"ಬೆಳಿಗ್ಗೆ ನೀವು ವೋಟು ಕೇಳ್ತಾ ಇದ್ರಿ. ಆಗ ಹೇಳಿದ್ರೆ ಅದಕ್ಕೆ ಬದಲು ಏನೋ ಕೇಳಿದ ಹಾಗಾಗ್ತಿತ್ತು."

"ಅಲ್ಲಿ ಇಲ್ಲ ಅಂತ ಒಂದು ಸುಳ್ಳು ಹೇಳಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೇಳಬಹುದಿತ್ತು. ಬಾಯಿ ಬರಲಿಲ್ಲ. ನಿಮಗೆ ನಷ್ಟ ಮಾಡಿದೆ, ಗೊತ್ತು."

ಅವಳಿಗೆ ಈಗ ಅಳು ಬಂತು, ತಡೆಯಲಿಲ್ಲ. ಹೋದದ್ದು ಸಣ್ಣದೇನಲ್ಲ. ನಾಳೆಯಿಂದ ಅವಳ ನಮೂದುಗಳನ್ನು ಇನ್ನೊಬ್ಬರು ತಿದ್ದುತ್ತಾರೆ, ಅದು ಯಾವತ್ತೂ ನೋಯುತ್ತದೆ. ಅವನು ಹತ್ತಿರ ಬರಲೋ ಬೇಡವೋ ಎಂದು ಅಲ್ಲೇ ನಿಂತಿದ್ದ. ಎಲ್ಲದಕ್ಕೂ ಅನುಮತಿಗೆ ಕಾಯುವ ಪ್ರಾಣಿ.

"ಸುಳ್ಳು ಹೇಳಿ ಕೊಡಿಸಿದ್ರೆ," ಎಂದಳು ಕಣ್ಣೊರೆಸಿಕೊಂಡು, "ಆ ಕುರ್ಚಿಯಲ್ಲಿ ಕೂತು ನಿನ್ನ ಮುಖ ನೋಡೋಕೆ ನನಗೆ ಆಗ್ತಿರಲಿಲ್ಲ."

ನಿನ್ನ ಎಂದದ್ದು ಅವನಿಗೆ ಕೇಳಿಸಿತು. ಕಿವಿ ಕೆಂಪಗಾಯಿತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಮ್ಮ.

"ಹೂಂ ಅಮ್ಮ, ಮುಗೀತು. ಸಿಗಲಿಲ್ಲ." ಆ ಕಡೆ ಗಾಬರಿಯ ಮಾತು. "ಇಲ್ಲ, ಅಳ್ತಾ ಇಲ್ಲ. ಸ್ವಲ್ಪ ಅತ್ತೆ ಅಷ್ಟೇ. ಕೌಂಟರಲ್ಲಿ ಕೂರ್ತೀನಿ, ಏನೀಗ. ಅಮ್ಮ, ಕೇಳು. ಸಂಜೆ ಒಬ್ಬರನ್ನ ಮನೆಗೆ ಕರ್ಕೊಂಡು ಬರ್ತೀನಿ."

ಯಾರು ಎಂದು ಅಮ್ಮ ಕೇಳಿದ್ದು ಅವನಿಗೂ ಕೇಳಿಸುವಷ್ಟು ಜೋರಾಗಿತ್ತು.

ಅವಳು ಕೈ ಚಾಚಿ ಅವನ ಅಂಗಿಯ ತೋಳು ಹಿಡಿದುಕೊಂಡಳು.

"ನನಗೆ ವೋಟು ಹಾಕದೆ ಎದ್ದು ಹೋದರಲ್ಲ, ಅವರು."