ನಲವತ್ತೊಂದರ ಸುತ್ತ ಒಂದು ಗೆರೆ

"ಐಸ್ ಕರಗಿಸ್ಬಿಟ್ಟಿದೀರಾ!" ಎಂದು ನಿವೇದಿತಾ ಭಾನುಪ್ರಕಾಶನನ್ನು ಗದರಿದಳು. ಗದರಲು ಒಂದು ನೆಪ ಬೇಕಿತ್ತು, ಅಷ್ಟೇ. ನೆಪವಿಲ್ಲದೆ ಮಾತಾಡಿಸುವಷ್ಟು ಧೈರ್ಯ ದಾವಣಗೆರೆಯ ಆ ಹುಡುಗಿಗೆ ಇರಲಿಲ್ಲ.

1997ರ ಮಾತು. ಸಿಟಿಯ ಆಸ್ಪತ್ರೆಯಿಂದ ರಕ್ತದ ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಸ್ಕೂಟರಿನಲ್ಲಿ ಅವಳು ಕೆಲಸ ಮಾಡುವ ಬೊಮ್ಮಸಂದ್ರದ ಲ್ಯಾಬಿಗೆ ತರುವುದು ಭಾನುಪ್ರಕಾಶನ ಕೆಲಸ. ಪಕ್ಕದ ಹೆಬ್ಬಗೋಡಿಯವನೇ. ರಕ್ತದ ಕ್ಯಾನ್ಸರಿಗೆ ಹೊಸ ಔಷಧವೊಂದರ ಪರೀಕ್ಷೆ ನಡೆಯುತ್ತಿತ್ತು. ಟ್ಯೂಬಿನ ಮೇಲೆ ಹೆಸರಿರುತ್ತಿರಲಿಲ್ಲ, ಬರೀ ನಂಬರ್. ಯಾರ ರಕ್ತ ಯಾವುದೆಂದು ಲ್ಯಾಬಿನವರಿಗೆ ತಿಳಿಯಕೂಡದು ಎಂಬುದು ಕಟ್ಟುನಿಟ್ಟು.

"ನನ್ನ ಐಸು ಕರಗಲ್ಲ ಮೇಡಂ. ಏನಾಯ್ತು?"

"ನಲವತ್ತೊಂದರಲ್ಲಿ ಸ್ಪಾಟೇ ಬಂದಿಲ್ಲ."

ಸ್ಪಾಟ್ ಎಂದರೇನೆಂದು ಅವನಿಗೆ ಕಲಿಸಿದ್ದವಳೂ ಅವಳೇ. ಆರು ತಿಂಗಳ ಹಿಂದೆ ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದ್ದ.

"ಜೀವಕೋಶದ ಪೊರೆಯಲ್ಲಿರೋ ಕೊಬ್ಬು ಸುಮ್ನೆ ಕೂತಿರಲ್ಲ ಕಣ್ರೀ, ಮಾತಾಡುತ್ತೆ" ಎಂದಿದ್ದಳು.

"ಕೊಬ್ಬಿರೋರು ಜಾಸ್ತಿನೇ ಮಾತಾಡ್ತಾರೆ ಬಿಡಿ, ನಮ್ಮೂರಲ್ಲೂ ಹಂಗೇ."

ಅವಳು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದಳು. ಕನ್ನಡಕವಿಲ್ಲದ ಆ ಮುಖವನ್ನು ಅವನು ಒಂದು ಗಳಿಗೆ ಹೆಚ್ಚೇ ನೋಡಿದ್ದ. ಅವಳಿಗೆ ಅದು ಗೊತ್ತಾಗಿತ್ತು.

"ಸೆರಮೈಡ್ ಅಂತ ಒಂದು ಕೊಬ್ಬು. ಕೆಟ್ಟ ಕೋಶಕ್ಕೆ 'ಸಾಕು, ಹೊರಡು' ಅನ್ನುತ್ತೆ. ಅದೇ ಚೂರು ಬದಲಾಗಿ ಇನ್ನೊಂದಾದ್ರೆ, 'ಇರು, ಬೆಳಿ' ಅನ್ನುತ್ತೆ. ಕ್ಯಾನ್ಸರ್ ಕೋಶ ಮೊದಲನೇದರ ಬಾಯಿ ಮುಚ್ಚಿಸಿಬಿಡುತ್ತೆ. ನಮ್ಮ ಔಷಧ ಅದನ್ನ ಮತ್ತೆ ಮಾತಾಡಿಸ್ಬೇಕು."

ರಕ್ತದ ಕೋಶಗಳಿಂದ ತೆಗೆದ ಕೊಬ್ಬನ್ನು ಬಿಳಿ ಲೇಪದ ಗಾಜಿನ ಮೇಲೆ ಏರಿಸಿ, ಅಯೋಡಿನ್ ಹಬೆಯಲ್ಲಿ ಇಡುತ್ತಿದ್ದಳು. ಸೆರಮೈಡ್ ಇದ್ದರೆ ಅದರ ಜಾಗದಲ್ಲಿ ಕಂದು ಕಲೆ ಮೂಡುತ್ತಿತ್ತು. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆಲ್ಲ ಅದು ಮಾಯ. ಮಾಸುವ ಮೊದಲೇ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಬೇಕು.

"ಎಷ್ಟು ಸೊಟ್ಟ ಮೇಡಂ ನಿಮ್ಮ ಗೆರೆ!"

"ಓಡಿಹೋಗೋದನ್ನ ಹಿಡಿಯೋವಾಗ ರಂಗೋಲಿ ಹಾಕಕ್ಕಾಗುತ್ತೇನ್ರೀ?"

ಅಂಥವನ ಮೇಲೆ ಈಗ ಐಸಿನ ಆರೋಪ. "ಇನ್ನೊಂದ್ಸಲ ತಂದ್ಕೊಡಿ ನಲವತ್ತೊಂದನ್ನ" ಎಂದಳು. ಅವನು ವಾದಿಸಲಿಲ್ಲ. ಮರುದಿನವೇ ತಂದ. ಅವನ ಮೊಣಕೈ ಮಡಿಕೆಯಲ್ಲಿ ಹತ್ತಿ ಅಂಟಿಸಿತ್ತು.

"ಏನಿದು?"

"ಯಾರಿಗೋ ರಕ್ತ ಕೊಟ್ಟೆ."

"ಒಳ್ಳೇವ್ರು ಬಿಡಿ ನೀವು." ಅವಳಿಗೆ ನಿಜಕ್ಕೂ ಹೆಮ್ಮೆಯಾಯಿತು. ಆ ಸಲವೂ ಸ್ಪಾಟ್ ಬರಲಿಲ್ಲ. ಅವಳು ಮತ್ತೆ ಗದರಿದಳು, ಅವನು ಮತ್ತೆ ನಕ್ಕ. ಎಂಥ ಪೆದ್ದಿ ನಾನು ಎಂದು ಅವಳು ಆಮೇಲೆ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಆಮೇಲೊಂದು ಸೋಮವಾರದಿಂದ ಅವನು ಬರಲಿಲ್ಲ. ಅವನ ಬದಲಿಗೆ ಡಬ್ಬಿ ಹೊತ್ತು ಬಂದವನು ಆಸ್ಪತ್ರೆಯ ಮುನಿಯಣ್ಣ. ಮೂರು ವಾರ ತಡೆದು ಕೊನೆಗೆ ಅವಳೇ ಕೇಳಿದಳು, "ಭಾನುಪ್ರಕಾಶ್ ಎಲ್ಲಿ?"

"ವಾರ್ಡಲ್ಲಿದಾನೆ ಮೇಡಂ. ಯಾರೂ ಹೇಳ್ಲಿಲ್ವಾ? ಈ ನಲವತ್ತೊಂದು ಅವಂದೇ ಅಲ್ವಾ." ಹೇಳಿದ ಮೇಲೆ ಮುನಿಯಣ್ಣ ನಾಲಿಗೆ ಕಚ್ಚಿಕೊಂಡ.

ಟ್ಯೂಬು ಅವಳ ಕೈಯಲ್ಲಿ ತಣ್ಣಗಿತ್ತು. ಔಷಧ ಶುರುವಾದ ಮೇಲಿನ ಕೊನೆಯ ಪರೀಕ್ಷೆ ಅದು. ಕೆಲಸ ಮಾಡಿದ್ದರೆ ಈಗ ಕಲೆ ಮೂಡಲೇಬೇಕು. ಅವಳು ಕೆಲಸ ಮುಗಿಸಿ, ಗಾಜನ್ನು ಹಬೆಯಲ್ಲಿಟ್ಟು, ದೇವರೇ ದೇವರೇ ಎನ್ನುತ್ತಾ ಕಾದಳು. ಉಳಿದ ಸಾಲುಗಳಲ್ಲೆಲ್ಲ ಕಂದು ಹತ್ತಿತು. ನಲವತ್ತೊಂದರಲ್ಲಿ ಬಿಳಿ ಬಿಳಿಯಾಗೇ ಉಳಿಯಿತು.

ಲ್ಯಾಬಿನ ಪುಸ್ತಕದಲ್ಲಿ ಅವಳು ನಿಜವನ್ನೇ ಬರೆದಳು: ಇಲ್ಲ. ಬರೆದಾದ ಮೇಲೆ ಪೆನ್ಸಿಲ್ ತೆಗೆದುಕೊಂಡು, ಏನೂ ಇಲ್ಲದ ಜಾಗದ ಸುತ್ತ ಮೆಲ್ಲಗೆ ಒಂದು ಗೆರೆ ಎಳೆದಳು. ಗಾಜನ್ನು ಪೇಪರಿನಲ್ಲಿ ಸುತ್ತಿ, ಮಧ್ಯಾಹ್ನದ ಬಸ್ಸು ಹತ್ತಿದಳು.

ವಾರ್ಡಿನ ಬಾಗಿಲಲ್ಲಿ ಅವನ ತಾಯಿ ಚಿಕ್ಕಮುನಿಯಮ್ಮ ಕೂತಿದ್ದರು. "ಐಸ್ ಮೇಡಮ್ಮ ನೀನೇನಾ? ಓಗು ತಾಯಿ, ಒಳಿಕ್ಕೆ ಓಗು. ಬಾಗ್ಲು ನೋಡ್ತಾನೇ ಅವ್ನೆ."

ಅವನು ಅರ್ಧವಾಗಿದ್ದ. ನಗು ಮಾತ್ರ ಪೂರ್ತಿ ಇತ್ತು.

"ಐಸ್ ಕರಗಿರ್ಲಿಲ್ಲ ಮೇಡಂ."

"ಗೊತ್ತು" ಎಂದಳು. ಗಾಜನ್ನು ಅವನ ಕೈಗಿಟ್ಟಳು. "ಈ ಸಲ ಸ್ಪಾಟ್ ಬಂತು. ಬಸ್ಸಲ್ಲಿ ತರೋಷ್ಟರಲ್ಲಿ ಮಾಸೋಯ್ತು. ಗೆರೆ ಇದೆ ನೋಡಿ."

ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಚೆನ್ನಾಗಿದೆ. ಸೊಟ್ಟನೇ ಇಲ್ಲ. ರಂಗೋಲಿ ಥರ ದುಂಡಗಿದೆ."

ಅವಳು ಗಾಜನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು.

"ಹಿಡಿಯೋಕೆ ಅಲ್ಲೇನೂ ಇರ್ಲಿಲ್ಲ, ಅಲ್ವಾ ನಿವೇದಿತಾ?"

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಮಂಚದ ಅಂಚಿಗೆ ಹಣೆಯೂರಿ ಬಿಕ್ಕಿ ಬಿಕ್ಕಿ ಅತ್ತಳು. ಅವನ ಕೈ ಅವಳ ತಲೆಯ ಮೇಲೆ ಬಂತು.

"ನಂಗೋಸ್ಕರ ಸುಳ್ಳು ಹೇಳೋಷ್ಟು ಇಷ್ಟ ಇದೆ ಅಂತ ಗೊತ್ತಾಗಿದ್ರೆ ಮೊದಲೇ ಕೇಳ್ತಿದ್ದೆ."

"ಈಗ ಕೇಳು."

"ಬೇಡ. ಕೇಳಿದ್ರೆ ನೀನು ಹೂಂ ಅಂದ್ಬಿಡ್ತೀಯ."

ಅವನು ಕೇಳಲೇ ಇಲ್ಲ. ಅವಳು ಅವನ ಅಂಗೈಯನ್ನು ಕೆನ್ನೆಗೊತ್ತಿಕೊಂಡು, "ಹೂಂ" ಎಂದಳು.