ಕ್ಲಬ್ಬಿನ ಫೋಟೊದವನು

ಸಿಕಂದರನನ್ನು ಮೊದಲ ಸಲ ನೋಡಿದಾಗ ನನಗೆ ಹೇಸಿಗೆ ಬಂದಿತ್ತು. ಮುಚ್ಚುಮರೆ ಯಾಕೆ? ಅವನ ಮುಖ ಕಂಡರೆ ವಾಕರಿಕೆ ಬರುವಷ್ಟು ಹೇಸಿಗೆ.

ತೊಂಬತ್ತಮೂರನೇ ಇಸವಿ. ಕಮಲಾಪುರದ ಚಿಕ್ಕ ಸರಕಾರಿ ಆಸ್ಪತ್ರೆಯೊಂದರಲ್ಲಿ ನಾನು ಕಣ್ಣಿನ ವಿಭಾಗದ ಸಹಾಯಕಿ. ಕಲಬುರ್ಗಿಯ ಗಾಜಿಪುರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಕಲಬುರ್ಗಿಯ ಸೇವಾ ಕ್ಲಬ್ಬಿನವರು ಹಣ್ಣು ಹಂಚುತ್ತೇವೆಂದು ಎರಡು ಕಾರು ತುಂಬಿಕೊಂಡು ಬಂದರು. ಕೆಂಪು ಬಾಳೆ ಬೆಳೆಯುವ ಕಮಲಾಪುರಕ್ಕೆ ಕಲಬುರ್ಗಿಯಿಂದ ಬಾಳೆಹಣ್ಣು! ಕೋಟು ತೊಟ್ಟ ಎಂಟು ಜನ ಒಂದೇ ಬಾಳೆ ಚಿಪ್ಪಿಗೆ ಕೈ ಹಚ್ಚಿ ಒಬ್ಬ ರೋಗಿಗೆ ಕೊಟ್ಟರು, ಫೋಟೊ ಆಯಿತು. ಮರುಕ್ಷಣ ಅದೇ ಚಿಪ್ಪನ್ನು ಅವನ ಮಡಿಲಿನಿಂದ ಎತ್ತಿ ಪಕ್ಕದ ಮಂಚದವನಿಗೆ ಕೊಟ್ಟರು. ಮತ್ತೆ ಫೋಟೊ.

"ಸ್ವಲ್ಪ ನಗ್ರೀ ಕಾಕಾ," ಎನ್ನುತ್ತಿದ್ದ ಫೋಟೊದವನು, ಸಿಕಂದರ. ಕಾಕಾಗೆ ನೂರಾ ಮೂರು ಡಿಗ್ರಿ ಜ್ವರ.

ನನಗೆ ತಡೆಯಲಾಗಲಿಲ್ಲ. "ಏನ್ರೀ, ಅದೇ ಹಣ್ಣು ಎಷ್ಟು ಮಂದಿಗಿ ಕೊಡ್ತೀರಿ?"

ಅವನು ಕ್ಯಾಮೆರಾದ ಮೇಲಿನಿಂದ ನೋಡಿದ. "ನಾ ಎಲ್ಲಿ ಕೊಡಾಕತ್ತೀನ್ರೀ? ಬರೇ ಫೋಟೊ ತೆಗಿಯಾಕತ್ತೀನಿ."

ಕಣ್ಣು ನೋಡುವುದೇ ನನ್ನ ಕೆಲಸ. ದಿನಕ್ಕೆ ನೂರು ಕಣ್ಣು ಬಿಡಿಸಿ ನೋಡುತ್ತೇನೆ, ಒಂದೂ ನೆನಪಿರುವುದಿಲ್ಲ. ಅವನ ರೆಪ್ಪೆಗೂದಲು ಉದ್ದವಾಗಿದ್ದವು, ಎಡಗಣ್ಣಿನ ಕೆಳಗೆ ಸಣ್ಣದೊಂದು ಮಚ್ಚೆ ಇತ್ತು. ಅದು ಬಸ್ಸಿನಲ್ಲಿ ಗಾಜಿಪುರ ಮುಟ್ಟುವವರೆಗೂ ನೆನಪಿತ್ತು. ಥೂ, ನನಗೇನು ಬಂತು ರೋಗ ಎಂದು ನನ್ನನ್ನೇ ಬೈದುಕೊಂಡೆ.

ಆಮೇಲೆ ಕ್ಲಬ್ಬಿನವರು ತಿಂಗಳಿಗೊಮ್ಮೆ ಬರತೊಡಗಿದರು, ಜೊತೆಗೊಬ್ಬ ಅತಿಥಿ ಭಾಷಣಕಾರ. ಹಲ್ಲಿನ ಸ್ವಚ್ಛತೆಯ ಬಗ್ಗೆ ಮಾತಾಡಲು ಬಂದವರ ಬಾಯಿ ತುಂಬ ಗುಟಖಾ ಇತ್ತು. ಮಾತಿನ ನಡುವೆ ಮೂರು ಸಲ ಎದ್ದು ಹೋಗಿ ನಮ್ಮ ಗೋಡೆಗೇ ಉಗುಳಿ ಬಂದರು. ಸಮಯಪಾಲನೆಯ ಭಾಷಣದವರು ಎರಡು ತಾಸು ತಡವಾಗಿ ಬಂದರು. ಎಲ್ಲರಿಗೂ ಶಾಲು, ಎಲ್ಲರಿಗೂ ಹಾರ, ಎಲ್ಲರಿಗೂ ಸಿಕಂದರನ ಫ್ಲ್ಯಾಶು.

ಪ್ರತಿ ಸಲವೂ ಅವನು ನೀರು ಕುಡಿಯುವ ನೆಪದಲ್ಲಿ ನನ್ನ ಕೋಣೆಗೆ ಬರುತ್ತಿದ್ದ. ನಾವಿಬ್ಬರೂ ಮನೆಯಲ್ಲಿ ದಖನಿ ಉರ್ದು ಆಡುವವರೇ. ಆದರೆ ಜಗಳ ಕನ್ನಡದಲ್ಲಿ ಶುರುವಾಗಿತ್ತಲ್ಲ, ಹಾಗೇ ಮುಂದುವರಿಯಿತು.

"ಮುನೀರಾ ಅವರ, ನಿಮ್ದೊಂದು ಫೋಟೊ ತೆಗೀಲೇನು?"

"ಯಾಕ? ನಾ ಏನು ನಿಮ್ಮ ಕೈಲಿ ಬಾಳೀಹಣ್ಣು ಇಸ್ಕೊಂಡೀನೇನು?"

ಅವನು ನಗುವನ್ನು ಗ್ಲಾಸಿನೊಳಗೆ ಬಚ್ಚಿಟ್ಟು ನೀರು ಕುಡಿಯುತ್ತಿದ್ದ. ಗ್ಲಾಸಿನ ಅಂಚಿನ ಮೇಲಿಂದ ಆ ರೆಪ್ಪೆಗಳು ಮಾತ್ರ ಕಾಣುತ್ತಿದ್ದವು. ನಾನು ರಜಿಸ್ಟರಿನಲ್ಲಿ ಮುಖ ಹುದುಗಿಸುತ್ತಿದ್ದೆ. ಒಂದು ತಿಂಗಳು ಕ್ಲಬ್ಬು ಬರಲಿಲ್ಲ. ಅವರು ಬರಬೇಕಿದ್ದ ದಿನ ಕಾರಿನ ಸದ್ದಾದಾಗೆಲ್ಲ ನಾನು ಕಿಟಕಿಗೆ ಹೋಗಿ ಬಂದೆ. ಆ ಸುಳ್ಳುಗಾರರ ದಾರಿ ಕಾಯುವ ಗತಿ ಬಂತಲ್ಲ ಎಂದು ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಅವನ ತಾಯಿ ಮಸ್ತಾನಬಿ ನಮ್ಮ ಮನೆಗೇ ಬಂದರು, ಹುಡುಗಿ ಕೇಳಲು. ನಮ್ಮ ಅಮ್ಮಿ ಖುಷಿಯಲ್ಲಿ ನೆಲಕ್ಕೆ ಕಾಲಿಡಲಿಲ್ಲ. ಸ್ಟೇಶನ್ ಬಜಾರಿನಲ್ಲಿ ಸ್ವಂತ ಸ್ಟುಡಿಯೊ, ಚಟವಿಲ್ಲ, ಇನ್ನೇನು ಬೇಕು ಎಂದಳು. ಶುಕ್ರವಾರದೊಳಗೆ ಉತ್ತರ ಹೇಳಬೇಕೆಂದು ಮಾತಾಯಿತು.

ನಾನು ನೇರ ಅವನ ಸ್ಟುಡಿಯೊಗೇ ಹೋದೆ. "ಆ ಕ್ಲಬ್ಬಿನ ಕೆಲಸ ಬಿಡ್ರಿ. ಜಡ್ಡು ಬಂದು ಮಲಗಿದವರನ್ನ ಫೋಟೊಕ್ಕಂತ ನಗಸೋ ಮನುಷ್ಯಾನ ಜೋಡಿ ನಂಗ ಬಾಳ್ವಿ ಮಾಡಾಕ ಆಗೂದಿಲ್ಲ."

ಅವನ ಮುಖ ಇಳಿಯಿತು. "ಮದುವಿ ಸೀಜನ್ ಮೂರು ತಿಂಗಳು. ಉಳದ ಒಂಬತ್ತು ತಿಂಗಳು ನಮ್ಮ ಮನಿ ಒಲಿ ಉರಿಯೂದು ಕ್ಲಬ್ಬಿನ ಮ್ಯಾಲೇ. ನೀವು ಹ್ಞೂ ಅಂದ್ರ ನಿಮಗ ಏನು ಉಣಸ್ಲಿ?"

"ಹಂಗಿದ್ರ ಶುಕ್ರವಾರ ನನ್ನ ಉತ್ತರ ಕೇಳ್ಕೋರಿ," ಎಂದು ಬಂದುಬಿಟ್ಟೆ. ನನ್ನ ಉತ್ತರ 'ಬೇಡ' ಎಂದೇ ಆಗಿತ್ತು. ಆದರೂ ರಸ್ತೆಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ.

ಗುರುವಾರ ಕಮಲಾಪುರದಲ್ಲಿ ಕ್ಲಬ್ಬಿನ ಕಣ್ಣಿನ ಶಿಬಿರ. ಅತಿಥಿಗಳು ಒಂಬತ್ತೂವರೆಗೆ ಕರೆಕ್ಟಾಗಿ ಬರುತ್ತಾರೆಂದು ಕ್ಲಬ್ಬಿನ ಅಧ್ಯಕ್ಷ ಮಾಣಿಕಪ್ಪನವರು ಹೇಳಿದ್ದರು. ಅದನ್ನು ನಂಬಿ ನಾನು ಒಂಬತ್ತಕ್ಕೇ ನಲವತ್ತು ಜನರಿಗೆ ಕಣ್ಣಿನ ಪಾಪೆ ಅಗಲ ಮಾಡುವ ಹನಿ ಹಾಕಿದೆ. ಆ ಹನಿ ಬಿದ್ದ ಕಣ್ಣಿಗೆ ಬಿಸಿಲು ಸೂಜಿ ಚುಚ್ಚಿದ ಹಾಗೆ. ಡಾಕ್ಟರು ಬಂದು ಒಳಗೆ ಕೂತಿದ್ದರು. ಆದರೆ ಉದ್ಘಾಟನೆ ಆಗದೆ ತಪಾಸಣೆ ಇಲ್ಲವೆಂಬುದು ಕ್ಲಬ್ಬಿನ ರಿವಾಜು.

ಹತ್ತಾಯಿತು, ಹನ್ನೊಂದಾಯಿತು. ತೆಳ್ಳಗಿನ ಪೆಂಡಾಲಿನ ಕೆಳಗೆ ನಲವತ್ತು ಜನ ಸೆರಗು, ಟವೆಲ್ಲು ಮುಖಕ್ಕೆ ಒತ್ತಿಕೊಂಡು ಕೂತಿದ್ದರು. ಅವರಿಗೆಂದೇ ತಂದ ಕಪ್ಪು ಕನ್ನಡಕಗಳು ವೇದಿಕೆಯ ಮೇಲೆ ಡಬ್ಬಿಯಲ್ಲಿದ್ದವು. ಡಬ್ಬಿಗೆ ರಿಬ್ಬನ್ನು ಬೇರೆ!

"ನರ್ಸಮ್ಮಾ, ಬೆಳಕು ಚುಚ್ಚಾಕತ್ತದ," ಎಂದು ಮಹಾಗಾಂವದ ಭಾಗೀರಥಿಬಾಯಿ ಅಳತೊಡಗಿದರು.

ನಾನು ಮಾಣಿಕಪ್ಪನವರ ಹತ್ತಿರ ಹೋದೆ. "ಡಬ್ಬಿ ಒಡೀರಿ ಸಾಹೇಬ್ರ. ಮಂದಿ ನರಳಾಡಾಕತ್ತಾರ."

"ಅತಿಥಿಗಳ ಕೈಲೇ ಕೊಡಬೇಕಮ್ಮಾ. ಪೇಪರಿಗಿ ಫೋಟೊ ಹೋಗಬೇಕು. ನೀ ಸರಕಾರಿ ನೌಕರಿ ಮಾಡಾಕಿ, ಸುಮ್ನ ಇರು."

ಸಿಕಂದರನ ಕಡೆ ನೋಡಿದೆ. ಅವನು ತಲೆ ಬಗ್ಗಿಸಿ ಲೆನ್ಸು ಒರೆಸುತ್ತಿದ್ದ. ಛೀ! ಇವನ ರೆಪ್ಪೆಗಾಗಿ ನಾನು ಕಿಟಕಿಗೆ ಓಡುತ್ತಿದ್ದೆನೇ? ನಾಳೆಯ ತನಕ ಕಾಯುವುದೇ ಬೇಡ, ಇವತ್ತೇ ಬೇಡವೆಂದು ಹೇಳುತ್ತೇನೆ ಅಂದುಕೊಂಡೆ.

ಹನ್ನೆರಡೂವರೆಗೆ ಅತಿಥಿಗಳು ಬಂದರು. ಹಾರ, ಶಾಲು, ದೀಪ. ಆಮೇಲೆ 'ಸೇವೆಯೇ ಬದುಕು' ಎಂದು ಭಾಷಣ ಶುರುವಾಯಿತು. ಎರಡು ಮಾತು ಆಗಿತ್ತು, ಅಷ್ಟೆ. ಸಿಕಂದರ ಎದ್ದು ವೇದಿಕೆಯ ಮುಂದೆ ನಿಂತ.

"ಮಾಫ್ ಮಾಡ್ರೀ ಸಾಹೇಬ್ರ, ಕ್ಯಾಮೆರಾದ ರೋಲ್ ಮುಗೀತು."

ಮಾಣಿಕಪ್ಪನವರು ಬಿಳಿಚಿಕೊಂಡರು. "ಇನ್ನೊಂದು ಹಾಕು ಲೇ!"

"ಇನ್ನೊಂದು ಅಂಗಡ್ಯಾಗ ಅದ. ಕಲಬುರ್ಗಿಗಿ ಹೋಗಿ ಬರಬೇಕಂದ್ರ ಎರಡು ತಾಸು."

ಅತಿಥಿಗಳು ಕ್ಯಾಮೆರಾ ನೋಡಿದರು, ವಾಚು ನೋಡಿದರು. ಸೇವೆಯ ಬದುಕು ಅಲ್ಲಿಗೇ ಮುಗಿಯಿತು. ತಮಗೆ ಬೇರೆ ಕಾರ್ಯಕ್ರಮವಿದೆ ಎಂದು ಕಾರು ಹತ್ತಿದರು. ಅವರ ಹಿಂದೆ ಓಡುತ್ತ ಮಾಣಿಕಪ್ಪನವರು ಸಿಕಂದರನಿಗೆ ಬೆರಳು ತೋರಿಸಿ, "ಇನ್ನ ಮುಂದ ಕ್ಲಬ್ಬಿನ ಹೊಸ್ತಿಲಾ ತುಳಿಬ್ಯಾಡ!" ಎಂದು ಕೂಗಿದರು.

ಧೂಳು ಇಳಿಯುವ ಮುನ್ನ ಅವನು ರಿಬ್ಬನ್ನನ್ನು ಹಲ್ಲಿನಿಂದ ಹರಿದ. ಮೊದಲ ಕನ್ನಡಕ ಭಾಗೀರಥಿಬಾಯಿಗೆ ಹಾಕಿದ. ನಾನೂ ಓಡಿ ಹೋಗಿ ಹಾಕತೊಡಗಿದೆ. ಒಳಗೆ ಡಾಕ್ಟರು ಒಬ್ಬೊಬ್ಬರನ್ನೇ ಕರೆಸಿಕೊಂಡು ನೋಡಿದರು.

ಮೇಜಿನ ಮೇಲಿದ್ದ ಕ್ಯಾಮೆರಾದ ಅಂಕಿ ನೋಡಿದೆ. ಮೂವತ್ತಾರು ಫೋಟೊದ ರೋಲು, ಆರೇ ತೆಗೆದಿದ್ದ.

"ಸುಳ್ಳು ಹೇಳಿದ್ರಿ."

"ಹೇಳಿದೆ."

"ಹತ್ತಕ್ಕೇ ಯಾಕ ಹೇಳಲಿಲ್ಲ?"

"ಹತ್ತಕ್ಕ ಹೇಳಿದ್ರ ಕಾರು ಕಳಸಿ ಇನ್ನೊಂದು ರೋಲ್ ತರಸ್ತಿದ್ರು. ಅವರು ಬಂದು ನಿಂತ ಮ್ಯಾಲೇ ಹೇಳಬೇಕಿತ್ತು." ಅವನು ಹರಿದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡ. "ನಂಗ ನನ್ನ ಮ್ಯಾಲೇ ಹೇಸಿಗಿ ಬಂದಿತ್ತು ಮುನೀರಾ. ನೀವು ಬೈದದ್ದಕ್ಕಲ್ಲ. ಆಕಿ ಅಳೂದು ಕೇಳಾಕ ಆಗಲಿಲ್ಲ."

ಆಗ ನನಗೆ ನನ್ನದೇ ಮುಖ ಕಂಡಂತಾಯಿತು. ಹನಿ ಹಾಕಿದವಳು ನಾನು. ಆ ರಿಬ್ಬನ್ನು ಹರಿಯಲು ನನಗೂ ಎರಡು ಕೈ ಇದ್ದವು. ನೌಕರಿಯ ಹೆದರಿಕೆಗೆ ಮೂರೂವರೆ ತಾಸು ಸುಮ್ಮನೆ ನಿಂತಿದ್ದೆ. ಅವನಿಗೆ ಮಾತ್ರ ಅನ್ನ ಕೊಡುವ ಕೆಲಸ ಬಿಡು ಎಂದು ಹೇಳಿ ಬಂದಿದ್ದೆ.

"ನಂದೂ ತಪ್ಪು ಅದ," ಎಂದೆ. "ನಿಮ್ಮದಕ್ಕಿಂತ ದೊಡ್ಡದು ಅದ."

ಅವನು ಹತ್ತಿರ ಬಂದು ನಿಂತ. ಬೆವರಿಗೆ ರೆಪ್ಪೆಗಳು ಒಂದಕ್ಕೊಂದು ಅಂಟಿದ್ದವು. ಅದನ್ನೂ ನೋಡಿದೆ, ನನ್ನ ಕರ್ಮ.

"ಈಗ ಒಂಬತ್ತು ತಿಂಗಳು ಏನ್ ಮಾಡ್ತೀರಿ?"

"ಗೊತ್ತಿಲ್ಲ. ನಿಮ್ಮ ಉತ್ತರ ಏನಂತ ಗೊತ್ತಾದ್ರ ಅದೂ ಹೊಳೀಬಹುದು."

"ಹ್ಞೂ," ಎಂದೆ, ನೆಲ ನೋಡುತ್ತ.

"ಆಂ? ಕೇಳಲಿಲ್ರೀ."

"ನಿಮ್ಮನ್ನ ಮದುವಿ ಆಗ್ತೀನಿ ಅಂದೆ! ಕಿವಿ ಕೆಟ್ಟಾವೇನು?"

ಪೆಂಡಾಲಿನಲ್ಲಿದ್ದ ಕಪ್ಪು ಕನ್ನಡಕಗಳೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದವು.