ರೂಫಸ್ ಬೆಲ್ಟನ್‌ನ ಮೂರು ಡಿಸ್ಕ್

ಕಪ್ಪು ಟ್ರಕ್ ನನ್ನ ಕಾರಿಗೆ ಎರಡನೇ ಸಲ ಗುದ್ದಿತು.

ಹಿಂದಿನ ಗಾಜು ಪುಡಿ ಪುಡಿ. ಟೊರ್ರಿ ಪೈನ್ಸ್ ಬೆಟ್ಟದ ಇಳಿಜಾರು ರಸ್ತೆ. ಎಡಗಡೆ ಸಮುದ್ರ. ಪಕ್ಕದ ಸೀಟಿನಲ್ಲಿ ಒಂದು ಮರದ ಪೆಟ್ಟಿಗೆ. ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದೆ... ನನಗೆ ಹಾಕಿಕೊಳ್ಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಕೇಳಿ, ನನ್ನ ಹೆಸರು ಕಲಾವತಿ. ವಯಸ್ಸು ಐವತ್ತಾರು. ಲಾಸ್ ಏಂಜಲೀಸ್‌ನಲ್ಲಿ ಲೈಸೆನ್ಸ್ ಇರುವ ಪ್ರೈವೇಟ್ ಡಿಟೆಕ್ಟಿವ್. ಇಪ್ಪತ್ತು ವರ್ಷದಿಂದ ಕಂಡವರ ಕೊಳೆ ತೊಳೆದಿದ್ದೇನೆ. ಅವತ್ತಿನಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಪೆಟ್ಟಿಗೆಯಲ್ಲಿದ್ದದ್ದು ಮೂರು ಗ್ರಾಮಫೋನ್ ಡಿಸ್ಕ್. ರೂಫಸ್ ಬೆಲ್ಟನ್ ಎಂಬ ಕಪ್ಪು ಜನಾಂಗದ ಪಿಯಾನೊ ವಾದಕ 1937ರಲ್ಲಿ ಲಾಸ್ ಏಂಜಲೀಸ್‌ನ ಒಂದು ಬಾರಿನಲ್ಲಿ ನುಡಿಸುವಾಗ ಅಲ್ಲೇ ಕೊರೆದದ್ದು. ಹೆಂಡದ ಪೀಪಾಯಿಗಳ ಮಧ್ಯೆ, ಕುಡುಕರ ಗಲಾಟೆಯನ್ನು ಮೀರಿಸಿ ಬಾರಿಸುವ ಬ್ಲೂಸ್. ಅದಕ್ಕೇ ಬ್ಯಾರಲ್‌ಹೌಸ್ ಅನ್ನುತ್ತಾರೆ. ಅವನ ಮೊದಲ ರೆಕಾರ್ಡಿಂಗ್ ಅದು. ಬೇರೆ ಕಾಪಿ ಇಲ್ಲ.

ಮೂರನೇ ಡಿಸ್ಕಿನಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಮಾತಾಡುತ್ತಾಳೆ. ರೂಫಸ್‌ನ ಹೆಂಡತಿ. ಆಗ ತುಂಬು ಗರ್ಭಿಣಿ. ಮಗಳು ಒಪಲ್ ಹುಟ್ಟಿದ ವಾರಕ್ಕೆ ತೀರಿಕೊಂಡಳು. ಅವಳ ದನಿ ಪ್ರಪಂಚದಲ್ಲಿ ಉಳಿದಿರುವುದು ಅದೊಂದೇ ಕಡೆ.

ಒಪಲ್ ಅದನ್ನು ಕೇಳಿದ್ದು ಒಂದೇ ಸಲ, ಏಳು ವರ್ಷದವಳಿದ್ದಾಗ. ಹಾಕಿದಷ್ಟೂ ಸವೆಯುವ ಡಿಸ್ಕ್ ಅಂತ ಅಪ್ಪ ಮತ್ತೆ ಮುಟ್ಟಲು ಬಿಡಲಿಲ್ಲ.

ಈಗ ಒಪಲ್‌ಗೆ ಎಂಬತ್ತಾರು. ಸಾಯುವ ಮುಂಚೆ ಇನ್ನೊಮ್ಮೆ ಅಮ್ಮನ ದನಿ ಕೇಳಬೇಕು. ಅಷ್ಟೇ ಆಸೆ. ಕಂಪ್ಯೂಟರಿಗೆ ಹಾಕಿ ವಾಪಸ್ ಕೊಡುತ್ತೇನೆ ಎಂದು ಡಿಸ್ಕ್ ಒಯ್ದ ಶ್ರೀಕರ್ ಎರಡು ವರ್ಷದಿಂದ ಫೋನ್ ಎತ್ತಿರಲಿಲ್ಲ. ಕೊನೆಗೆ ಒಪಲ್ ನನ್ನ ಬಳಿ ಬಂದಳು.

ಶ್ರೀಕರ್ ನಮ್ಮ ಬೆಂಗಳೂರಿನವನೇ. ಫೋನ್ ಕರೆಗಳಲ್ಲಿ ಹಿಂದಿನ ಗದ್ದಲ ಅಳಿಸುವ ಸಾಫ್ಟ್‌ವೇರ್ ಮಾಡುತ್ತಾನೆ. ಲಾಸ್ ಏಂಜಲೀಸ್‌ನ ದಕ್ಷಿಣಕ್ಕಿರುವ ಸೊರೆಂಟೊ ವ್ಯಾಲಿಯಲ್ಲಿ ಸ್ವಂತ ಕಂಪನಿ.

"ನಿಮ್ಮ ಜನ ತಾನೆ? ನಿಮ್ಮ ಭಾಷೇಲೇ ಕೇಳು," ಅಂದಿದ್ದಳು ಒಪಲ್. ನನಗೆ ತಲೆ ತಗ್ಗಿಸುವ ಹಾಗಾಯಿತು.

ಕೇಳಿದೆ. ಸೆಕ್ಯುರಿಟಿ ಕರೆಸಿ ಹೊರಗೆ ಹಾಕಿಸಿದ. ಅವನದೇ ಇಂಜಿನಿಯರ್ ಹರ್ಷಿತಾಗೆ ಕನಿಕರ ಬಂತು. ಹಿಂಬಾಗಿಲು ತೆರೆದಳು. ಪೆಟ್ಟಿಗೆ ಎತ್ತಿಕೊಂಡು ಓಡಿದೆ.

ಅದಕ್ಕೇ ಈ ಟ್ರಕ್.

ಡೆಲ್ ಮಾರ್ ಊರು ತಲುಪುವಷ್ಟರಲ್ಲಿ ಟೈರ್ ಸಿಡಿಯಿತು. ಕಾರು ಬಿಟ್ಟು ಪೆಟ್ಟಿಗೆ ತಬ್ಬಿಕೊಂಡು ರೈಲು ಹಳಿ ದಾಟಿದೆ. ಎದುರಿಗೆ ಕಡಿದಾದ ದಂಡೆ. ಕೆಳಗೆ ನೀರು. ಇನ್ನು ಓಡಲು ಜಾಗ ಇಲ್ಲ.

ಫೋನ್ ಬಂತು. ಹರ್ಷಿತಾ.

"ಆಂಟಿ, ಪೆಟ್ಟಿಗೆ ತೆಗೆದು ನೋಡಿದ್ರಾ?"

ತೆಗೆದೆ. ಮೂರೂ ಡಿಸ್ಕಿನ ಕಪ್ಪು ಲೇಪ ಹಪ್ಪಳದ ಹಾಗೆ ಎದ್ದು, ಕೆಳಗಿನ ಅಲ್ಯೂಮಿನಿಯಂ ಕಾಣುತ್ತಿತ್ತು.

"ಸಾಫ್ಟ್‌ವೇರ್‌ಗೆ ಕಲಿಸೋಕೆ ನೂರಾರು ಸಲ ಪ್ಲೇ ಮಾಡಿಸ್ದ. ಬೇಡ ಅಂದೆ, ಕೇಳ್ಲಿಲ್ಲ. ಈಗ ಬರೀ ಪಿಯಾನೊ ಇರೋ ಕ್ಲೀನ್ ಫೈಲ್ ಇದೆ. ಅದನ್ನ ಸಿನಿಮಾದವ್ರಿಗೆ ಮಾರ್ತಿದಾನೆ. ಒರಿಜಿನಲ್ ಡಿಸ್ಕ್ ಕೈಗೆ ಕೊಡ್ದೆ ಅವ್ರು ಸೈನ್ ಮಾಡಲ್ಲ."

"ಆ ಹೆಂಗಸಿನ ದನಿ?"

"ಅದನ್ನ ಸಾಫ್ಟ್‌ವೇರ್ ಗದ್ದಲ ಅಂತ ತೆಗೆದುಬಿಟ್ಟಿದೆ ಆಂಟಿ. ಆದ್ರೆ ತೆಗೆದಿದ್ದನ್ನೆಲ್ಲ ನಾವು ಬೇರೆ ಫೋಲ್ಡರ್‌ನಲ್ಲಿ ಇಡ್ತೀವಿ, ಚೆಕ್ ಮಾಡೋಕೆ. ಅವನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೆ. ನಿಮಗೆ ಬೇಕು ಅಂತ ಗೊತ್ತಾದ್ರೆ ಅಳಿಸಿಬಿಡ್ತಾನೆ."

ಏಳನೇ ವಯಸ್ಸಿನಿಂದ ಕಾದ ಮಗಳು... ಅವಳ ತಾಯಿ ಇವನಿಗೆ ಗದ್ದಲ! ಪೆಟ್ಟಿಗೆ ಮುಚ್ಚಿ, ಫೋನ್ ಜೇಬಿಗೆ ಹಾಕಿದೆ.

ಟ್ರಕ್ಕಿನಿಂದ ಇಳಿದು ಶ್ರೀಕರ್ ಬಂದ. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗ್, ಜಾಕೆಟ್ಟಿನ ಮರೆಯಲ್ಲಿ ಪಿಸ್ತೂಲು.

"ಆಂಟಿ, ಬಾಕ್ಸ್ ಕೊಟ್ಬಿಡಿ. ನಿಮಗ್ಯಾಕೆ ತೊಂದ್ರೆ?"

ಪಿಸ್ತೂಲು ಹಿಡಿದವನು ಬಹುವಚನ ಬಿಟ್ಟಿರಲಿಲ್ಲ. ಒಳ್ಳೆಯ ಮನೆತನ!

ಪೆಟ್ಟಿಗೆಯನ್ನು ದಂಡೆಯ ಆಚೆ ಚಾಚಿ ಹಿಡಿದೆ.

"ಕ್ಲೀನ್ ಫೈಲ್ ಕೊಡು. ಇಲ್ದಿದ್ರೆ ಇದು ನೀರಿಗೆ."

"ಸಾಧ್ಯನೇ ಇಲ್ಲ. ಅದು ನನ್ನ ಕಂಪನಿ."

"ಒಂದು ಹಾಡು?"

"ಒಂದು ಸೆಕೆಂಡೂ ಇಲ್ಲ."

"ಆ ಮುದುಕಿಗೆ ಏನು ಹೇಳ್ಲಿ? ಬರಿಗೈಲಿ ಹೋದ್ರೆ ನನ್ನ ಲೈಸೆನ್ಸ್ ಹೋಗುತ್ತೆ ಕಣಪ್ಪ. ಏನಾದ್ರೂ ಕೊಡು. ಡಿಸ್ಕಿಂದ ಬಂದಿದ್ದು ಅಂತ ತೋರಿಸಿದ್ರೆ ಸಾಕು."

ದನಿಯಲ್ಲಿ ಅಳು ತಂದೆ. ಹಾಗೆ ಅಳುವುದಕ್ಕೆ ನನಗೆ ಅಸಹ್ಯವಾಯಿತು.

ಶ್ರೀಕರ್ ನಕ್ಕ. "ಕಸ ಇದೆ. ಕರಕರ ಸದ್ದು, ಕಾಲು ಬಡಿಯೋದು, ಜನರ ಮಾತು. ಬೇಕಾ?"

"ಅದನ್ನ ತಗೊಂಡು ಏನ್ ಮಾಡ್ಲಿ?"

"ಅಷ್ಟೇ ಇರೋದು."

ಗೊಣಗುತ್ತಾ ಒಪ್ಪಿಕೊಂಡೆ. ಪೆನ್ ಡ್ರೈವ್ ನಾನೇ ಕೊಟ್ಟೆ. ಕಾಪಿ ಮಾಡಿದ. ನನ್ನ ಫೋನಿಗೆ ಸಿಕ್ಕಿಸಿ ನೋಡಿದೆ. ಕರಕರ ಸದ್ದಿನ ನಡುವೆ ಒಬ್ಬ ಹೆಂಗಸು. ಅಲ್ಲೇ ನಿಲ್ಲಿಸಿದೆ. ಅದನ್ನು ಮೊದಲು ಕೇಳುವ ಹಕ್ಕು ನನ್ನದಲ್ಲ.

ಪೆಟ್ಟಿಗೆ ಕೊಟ್ಟೆ. ಮೊದಲು ಅದರ ಮೂಲೆಯನ್ನು ಅವನ ಮೂಗಿಗೆ ಕೊಟ್ಟೆ, ಆಮೇಲೆ ಕೈಗೆ. ಬಿದ್ದ ಪಿಸ್ತೂಲನ್ನು ಸಮುದ್ರಕ್ಕೆ ಒದ್ದೆ.

ಅವನು ಪೆಟ್ಟಿಗೆ ತಬ್ಬಿಕೊಂಡು ಹೊರಟ ಮೇಲೆ ಕಾರಿನ ಟೈರ್ ಬದಲಿಸಿದೆ. ಮಧ್ಯಾಹ್ನ ಮೂರಕ್ಕೆ ಲಾಸ್ ಏಂಜಲೀಸ್. ಒಪಲ್‌ಳ ಅಡುಗೆಮನೆ. ಸ್ಪೀಕರ್ ಹಚ್ಚಿದೆ.

ಕರಕರ ಸದ್ದು. ಗ್ಲಾಸುಗಳು. ನೆಲಕ್ಕೆ ಧಡ್ ಧಡ್ ಅಂತ ಒಂದು ಕಾಲು. ಆಮೇಲೆ ಒಬ್ಬ ಹೆಂಗಸು, ರೇಗಿಕೊಂಡು: "ರೂಫಸ್, ಮೆಲ್ಲಗೆ ತುಳಿ. ನೆಲ ಮುರಿದರೆ ಯಾರು ಕಟ್ಟಿಕೊಡೋದು?"

ಒಪಲ್ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಆರು ಸಲ ಹಾಕಿಸಿದಳು. ಅತ್ತಳು. ನಾನೂ ಅತ್ತೆ. ಈ ಸಲದ್ದು ನಾಟಕವಲ್ಲ.

ಏಳನೇ ಸಲ ಮುಗಿದ ಮೇಲೆ ಕಣ್ಣು ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು.

"ಅಮ್ಮ ಸಿಕ್ಕಳು. ಅವಳು ಬೈತಿರೋನು ಎಲ್ಲಿ? ಅಪ್ಪನ ಪಿಯಾನೊ ಎಲ್ಲಿ?"

ಕಾರಿನ ಕೀ ಎತ್ತಿಕೊಂಡೆ. ಸೊರೆಂಟೊ ವ್ಯಾಲಿಗೆ ಎರಡು ಗಂಟೆಯ ದಾರಿ, ಮತ್ತು ಈ ಸಲ ನಾನು ಚೌಕಾಸಿ ಮಾಡುವುದಿಲ್ಲ.